ಕೆಂಪು ಬಾವಿ, ಹಸಿರು ಬಾವಿ

ಅಚ್ಚುಕಟ್ಟಾಗಿ ಕೆಲಸ ಮಾಡುವವರಲ್ಲಿ ಒಂದು ಕೆಟ್ಟ ಗುಣವಿರುತ್ತದೆ. ತಾವು ಗೆರೆಯನ್ನು ನೇರವಾಗಿ ಎಳೆದರೆ ಲೋಕವೂ ಆ ಗೆರೆಯ ಮೇಲೆಯೇ ನಡೆಯುತ್ತದೆಂದು ಅವರು ನಂಬಿರುತ್ತಾರೆ. ನನ್ನಲ್ಲಿ ಆ ಗುಣ ಧಾರಾಳವಾಗಿದೆ. ಇದನ್ನು ನಾನು ಯಾರ ಮುಂದೆಯೂ ಒಪ್ಪಿಕೊಂಡವಳಲ್ಲ. ನನ್ನ ಅಕ್ಕ ಮಾತ್ರ ಯಾರೂ ಕೇಳದಿದ್ದರೂ ಬಂದವರಿಗೆಲ್ಲ ಹೇಳುತ್ತಿರುತ್ತಾಳೆ.

ಬಿ.ಎಸ್ಸಿ. ಮುಗಿಸಿ ಮಧುಗಿರಿಯ ಒಂದು ಕಚೇರಿಯಲ್ಲಿ ಅಂಕಿಅಂಶದ ಕೆಲಸಕ್ಕೆ ಸೇರಿದ ಮೊದಲ ವರ್ಷ, ದೊಡ್ಡೇರಿ ಕಡೆಯ ಹಳ್ಳಿಗಳ ಬಾವಿಗಳ ನಕ್ಷೆ ಬರೆಯುವುದು ನನ್ನ ಪಾಲಿಗೆ ಬಂತು. ನೀರು ಕೆಟ್ಟು ಬ್ಲೀಚಿಂಗ್ ಪುಡಿ ಹಾಕಲೇಬೇಕಾದ ಬಾವಿಗೆ ಕೆಂಪು ಚುಕ್ಕೆ. ನೀರು ಚೆನ್ನಾಗಿರುವ ಬಾವಿಗೆ ಹಸಿರು. ಕಂಪಾಸಿನಿಂದ ಸುತ್ತಿ, ಬಣ್ಣದ ಪೆನ್ಸಿಲನ್ನು ಒಂದೇ ದಿಕ್ಕಿನಲ್ಲಿ ಆಡಿಸಿ, ಎಲ್ಲ ಚುಕ್ಕೆಗಳಿಗೂ ಒಂದೇ ಗಾತ್ರ, ಒಂದೇ ಗಾಢತೆ ತಂದೆ. ಆ ಒಂದೇ ಗಾಢತೆ ನನ್ನ ವಿಶೇಷ ಹೆಮ್ಮೆಯಾಗಿತ್ತು. ನಮ್ಮ ಸಾಹೇಬರು ನೋಡಿ, "ಭೇಷ್, ಇದನ್ನು ಸೀರೆಯ ಮೇಲೆ ಅಚ್ಚು ಹಾಕಿಸಬಹುದು" ಎಂದರು. ಹೊಗಳಿಕೆಯೆಂದೇ ತೆಗೆದುಕೊಂಡೆ.

ಆ ನಕ್ಷೆ ಹಿಡಿದು ಬಾವಿಗೆ ಪುಡಿ ಹಾಕುವವನು ರಂಗಪ್ಪ. ಐವತ್ತರ ಹತ್ತಿರದ ಮನುಷ್ಯ, ಹಂಗಾಮಿ ನೌಕರಿ. ಓದು ಬಾರದಿದ್ದರೂ ನಕ್ಷೆಯಲ್ಲಿ ಊರು, ಗುಡಿ, ಕಾಲುದಾರಿಗಳನ್ನು ಬೆರಳಿಟ್ಟು ತೋರಿಸುತ್ತಿದ್ದ. ತಿಂಗಳ ಕೊನೆಗೆ ನಾನು ತಪಾಸಣೆಗೆ ಹೋದೆ. ಹಸಿರು ಬಾವಿಗಳಲ್ಲಿ ಅರ್ಧಕ್ಕರ್ಧ ಪುಡಿಯ ಘಾಟು. ಕೆಂಪು ಬಾವಿಗಳಲ್ಲಿ ಅರ್ಧಕ್ಕರ್ಧ ಹುಳು. ಒಂದು ಮನೆಯಲ್ಲಿ ಎರಡು ಮಕ್ಕಳು ವಾಂತಿಭೇದಿಯಿಂದ ಮಲಗಿದ್ದವು. ಆಮೇಲೆ ಗುಣವಾದವು, ಆದರೆ ಅವತ್ತು ಆ ತಾಯಿ ನನ್ನನ್ನು ಬೈಯದೆ ಕೂರಲು ಚಾಪೆ ಹಾಸಿದ್ದು ಬೈದದ್ದಕ್ಕಿಂತ ಹೆಚ್ಚಾಯಿತು. ಕಚೇರಿಗೆ ಬಂದವಳೇ ರಂಗಪ್ಪ ಸೋಮಾರಿ, ಬೇಜವಾಬ್ದಾರಿ, ಅವನನ್ನು ಕೆಲಸದಿಂದ ತೆಗೆಯಬೇಕು ಎಂದು ವರದಿ ಬರೆದು ಸಾಹೇಬರಿಗೆ ಕೊಟ್ಟೆ.

ಮರುದಿನ ಬೆಳಿಗ್ಗೆ ಅವನು ನನ್ನ ಮೇಜಿನ ಮುಂದೆ ಬಂದು ನಿಂತ.

"ನನ್ನ ತಗುದ್ಬುಡಿ ಅಂತ ಬರುದ್ಬುಟ್ರಂತೆ, ದಿಟವೇನಮ್ಮ?"

"ಕೆಂಪು ಬಾವಿಗೆ ಯಾಕೆ ಪುಡಿ ಹಾಕಲಿಲ್ಲ?"

"ಯಾವ್ದಮ್ಮ ಕೆಂಪು? ಎಲ್ಲಾ ಒಂದೇ ತರ ಅವೆ. ಅದ್ಕೇ ಒಂದು ಬುಟ್ಟು ಒಂದಕ್ಕೆ ಹಾಕ್ದೆ."

ತಮಾಷೆ ಮಾಡುತ್ತಿದ್ದಾನೆಂದುಕೊಂಡು ತಲೆಯೆತ್ತಿ ನೋಡಿದೆ. ಮುಖದಲ್ಲಿ ತಮಾಷೆ ಇರಲಿಲ್ಲ.

"ಮೆಣಸಿನ್ಕಾಯಿ ಬಿಡ್ಸಾಕೆ ನಮ್ಮನೇವ್ಳು ನನ್ನ ಹತ್ರಕ್ಕೇ ಸೇರ್ಸಲ್ಲ ಕಣಮ್ಮ. ಹಣ್ಣು ಬುಟ್ಟು ಹಸೀದೆಲ್ಲ ಕಿತ್ತಾಕ್ತೀನಂತೆ. ನಿಂಗೇನು ಕಣ್ಣೈತೋ ಕವಡೆ ಐತೋ ಅಂತಾಳೆ."

"ಮೊದಲೇ ಹೇಳಬಾರದಿತ್ತೆ?"

"ನೀವು ಕೇಳ್ಲಿಲ್ವಲ್ಲ. ನಾನಾಗೇ ಹೇಳುದ್ರೆ, ಕುರುಡ ಅಂತ ಮನೀಗೆ ಕಳುಸ್ತಿದ್ರಿ."

ಕೆಂಪು ಹಸಿರುಗಳ ವ್ಯತ್ಯಾಸ ಕಾಣದ ಕಣ್ಣುಗಳಿವೆಯೆಂದು ಕಾಲೇಜಿನಲ್ಲಿ ಓದಿದ್ದೆ. ಪರೀಕ್ಷೆಯಲ್ಲಿ ಬರೆದೂ ಇದ್ದೆ. ಒಳ್ಳೆಯ ಅಂಕ ಬಂದಿತ್ತು.

"ಹಾಗಾದರೆ ಗುರುತು ಹೇಗೆ ಹಾಕಲಿ?" ಎಂದು ಕೇಳಿದೆ.

"ನಮ್ ಕುರಿಗೆ ನಾವು ಬಣ್ಣ ಬಳ್ಯಲ್ಲಮ್ಮ. ಕಿವೀಗೆ ಕಚ್ಚು ಹಾಕ್ತೀವಿ. ಸಾವ್ರ ಕುರೀಲಿ ನಿಂತಿದ್ರೂ ನಮ್ದು ನಮ್ಗೆ ಗೊತ್ತಾಯ್ತದೆ."

ಹೊಸ ನಕ್ಷೆ ಬರೆದೆ. ಒಳ್ಳೆಯ ಬಾವಿಗೆ ಬರೀ ವೃತ್ತ. ಕೆಟ್ಟ ಬಾವಿಗೆ ಕಪ್ಪು ಮಸಿ ತುಂಬಿದ ವೃತ್ತ, ಅಂಚಿನಲ್ಲಿ ಕುರಿಯ ಕಿವಿಗೆ ಹಾಕುವಂಥದೇ ಕಚ್ಚು. ಅಂದವೆಲ್ಲ ಹೋಯಿತು. ಸಾಹೇಬರು, "ಇಲಿ ತಿಂದಂತಿದೆಯಲ್ಲ" ಎಂದರು. ರಂಗಪ್ಪ ಮಾತ್ರ ಒಂದೊಂದರ ಮೇಲೂ ಬೆರಳಿಟ್ಟು, "ಇದು ಕೆಟ್ಟುದ್ದು, ಇದು ಒಳ್ಳೇದು" ಎಂದು ಕೊನೆಯ ಬಾವಿಯವರೆಗೂ ಒಂದನ್ನೂ ತಪ್ಪದೆ ಹೇಳಿದ.

ಆದರೆ ವರದಿಗೆ ಆಗಲೇ ನಂಬರು ಬಿದ್ದಿತ್ತು. ನಂಬರು ಬಿದ್ದ ಕಾಗದವನ್ನು ಹರಿಯುವಂತಿಲ್ಲ. "ಅವನ ತಪ್ಪಲ್ಲದಿದ್ದರೆ ಯಾರ ತಪ್ಪೆಂದು ಬರೆದುಕೊಡಿ, ಅವನನ್ನು ಉಳಿಸಿಕೊಳ್ಳೋಣ" ಎಂದರು ಸಾಹೇಬರು. ಕುಳಿತೆ. ಮೊದಲ ಕರಡಿನಲ್ಲಿ ತಪ್ಪು ಪೆನ್ಸಿಲಿನದಾಗಿತ್ತು; ಎರಡನೆಯದರಲ್ಲಿ ಕಾಗದದ್ದು. ಮೂರನೆಯದರಲ್ಲಿ, "ನಕ್ಷೆ ಹಿಡಿದು ತಿರುಗುವವನಿಗೆ ಅದು ಕಾಣುತ್ತದೆಯೇ ಎಂದು ನಾನು ಕೇಳಲಿಲ್ಲ, ತಪ್ಪು ನನ್ನದು" ಎಂದು ಬರೆದು ಸಹಿ ಮಾಡಿದೆ.

ಸಾಹೇಬರು ಓದಿದರು. ಕಾಗದ ತಿರುಗಿಸಿ ಹಿಂಬದಿಯನ್ನೂ ನೋಡಿದರು. ರಂಗಪ್ಪನನ್ನು ಉಳಿಸಿಕೊಳ್ಳುವಂತೆ ಕೆಳಗೆ ಷರಾ ಬರೆದು ನನ್ನತ್ತ ನೋಡಿ, "ಏನಮ್ಮ, ಅವನ ತಪ್ಪಿಗೆ ಎರಡು ಪುಟ ಬೇಕಾಗಿತ್ತು, ನಿಮ್ಮದು ಒಂದೇ ಸಾಲಿನಲ್ಲಿ ಮುಗಿದುಹೋಯಿತೇ?" ಎಂದರು.

"ಸಂಕ್ಷೇಪವಾಗಿ ಬರೆಯುವುದು ನನ್ನ ಅಭ್ಯಾಸ, ಸಾರ್" ಎಂದೆ.