ಟೊಪ್ಪಿಗೆಯಲ್ಲಿ ತುಂಬಿದ ಉಡಿ

ನಮ್ಮ ಮನೆತನ ಕೊಪ್ಪಳಕ್ಕೆ ಹೊಸದಲ್ಲ. ಕೋಟೆಯ ಕೆಳಗಿನ ಓಣಿಯಲ್ಲಿ ನಮ್ಮ ವಾಡೆ ತಲೆಮಾರುಗಳಿಂದ ನಿಂತಿದೆ. ಮುತ್ತಜ್ಜ ಜಹಗೀರಿನ ಕಚೇರಿಯಲ್ಲಿ ವಕೀಲರು, ಅಜ್ಜನೂ ವಕೀಲರು. ಕುಷ್ಟಗಿಯಿಂದ ಗಂಗಾವತಿಯವರೆಗೆ ಎಲ್ಲಿ ಹೋದರೂ ನಮ್ಮವರನ್ನು ಯಾರೂ ಕಟ್ಟೆಯ ಮೇಲೆ ಕೂಡಿಸಲಿಲ್ಲ. ಪಡಸಾಲೆಯಲ್ಲಿ ಜಮಖಾನೆ ಹಾಸಿದರು. ನಾನು ಕಾನ್ವೆಂಟಿನಲ್ಲಿ ಕಲಿತು, ಮದ್ರಾಸಿನ ಕಾಲೇಜಿನಲ್ಲಿ ಓದಿದವಳು.

ಇದನ್ನೆಲ್ಲ ಹೇಳಲು ಕಾರಣವಿದೆ. ಕಳೆದ ತಿಂಗಳು ಮಹಿಳಾ ಸಮಾಜದ ಚಹಾಕೂಟದಲ್ಲಿ, ಹೊಸದಾಗಿ ವರ್ಗವಾಗಿ ಬಂದ ಅಧಿಕಾರಿಯೊಬ್ಬರ ಪತ್ನಿ ನನ್ನ ಕಡೆ ನೋಡಿ, "ಹಡಗು ಹತ್ತದವರಿಗೆ ಲೋಕ ಹೇಗೆ ತಿಳಿಯಬೇಕು? ಇವರ ಲೋಕ ಹೊಸಪೇಟೆಗೆ ಮುಗಿಯುತ್ತದೆ" ಎಂದರು. ಅವರು ವಿಲಾಯಿತಿಗೆ ಹೋಗಿ ಬಂದವರು. ಎಲ್ಲರೂ ನಕ್ಕರು. ನಗಲಿ. ಆದರೆ ಅಲ್ಲಿ ನಮ್ಮ ಪಕ್ಕದ ಮನೆಯ ಹಿರಿಯಮ್ಮ ಕೂತಿದ್ದರು. ನನ್ನನ್ನು ನೋಡಿಯೇ ತಮ್ಮ ಮೊಮ್ಮಗಳನ್ನು ಕಾಲೇಜಿಗೆ ಕಳಿಸಲು ಒಪ್ಪಿದ್ದವರು. ಮರುದಿನ ಬಂದು, "ನೀವು ಅಷ್ಟು ಓದಿ ಬಂದ್ರೂ ಹೊಸಪ್ಯಾಟಿಗೇ ನಿಂತೀರಿ ಅಂದ್ರ, ನಮ್ಮ ಹುಡುಗಿ ಹೋಗಿ ಏನ್ ಮಾಡ್ತಾಳ್ರಿ? ಮನ್ಯಾಗ ಇರ್ಲಿ ಬಿಡ್ರಿ" ಎಂದರು. ಪಕ್ಕದ ಮನೆಯೊಳಗಿಂದ ಆ ಹುಡುಗಿ ಅಳುವುದು ಕೇಳುತ್ತಿತ್ತು.

ಕಾಲೇಜಿನ ದಿನಗಳಲ್ಲಿ ನನಗೆ ಬೇಡವೆಂದರೂ ಒಂದಿಲ್ಲೊಂದು ಪ್ರಸಂಗ ನಡೆಯುತ್ತಲೇ ಇತ್ತು. ಕೆಲವನ್ನು ಬರೆಯುತ್ತೇನೆ. ನಮ್ಮ ಲೋಕ ಎಲ್ಲಿಗೆ ಮುಗಿಯುತ್ತದೆಂದು ಓದುಗರೇ ನೋಡಲಿ.

೧. ತೊಳೆದ ತಟ್ಟೆ

ಮೊದಲ ವರ್ಷ ನಮ್ಮ ಆಯಿ, ಅಂದರೆ ಅಜ್ಜಿ, ಒಂದು ಗಂಟು ಖಡಕ್ ಜೋಳದ ರೊಟ್ಟಿ ಕಟ್ಟಿ ಕಳಿಸಿದ್ದಳು. ಹಾಸ್ಟೆಲಿನ ನನ್ನ ಕೋಣೆಯಲ್ಲಿ ಸಿಲೋನಿನ ಹುಡುಗಿಯೊಬ್ಬಳಿದ್ದಳು. ಅವಳಿಗೊಂದು ರೊಟ್ಟಿ ಕೊಟ್ಟು, ಅದರ ಮೇಲೆ ಶೇಂಗಾ ಚಟ್ನಿ, ಗಟ್ಟಿ ಮೊಸರು ಹಾಕಿದೆ. ಅವಳು ಚಟ್ನಿ ಮೊಸರನ್ನು ಅಚ್ಚುಕಟ್ಟಾಗಿ ತಿಂದು ಮುಗಿಸಿ, ರೊಟ್ಟಿಯನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದಳು. ಅದು ಮೆತ್ತಗಾಗಿ ಕೈಯಲ್ಲೇ ಹರಿಯಿತು. ಅಳುತ್ತ ಓಡಿ ಬಂದು, "ನಿಮ್ಮ ಮನೆಯ ತಟ್ಟೆ ಹಾಳು ಮಾಡಿದೆ, ಕ್ಷಮಿಸು" ಎಂದಳು.

ರಜೆಯಲ್ಲಿ ಆಯಿಗೆ ಹೇಳಿದೆ. ಅವಳು ನಗಲಿಲ್ಲ. "ತೊಳ್ಯಾಕ ಹೋಗ್ಯಾಳಲ್ಲ, ಭಾಳ ಶಿಸ್ತಿನ ಹುಡುಗಿ. ಆದರ ಪಾಪ, ಅವರ ಊರಾಗ ತಾಟು ತಿನ್ನಾಕ ಬರಂಗಿಲ್ಲೇನು?" ಎಂದಳು.

೨. ಯಾರ ಪೈಕಿ?

ಹೊಸಬರು ಸಿಕ್ಕರೆ ಅವರು ಯಾರ ಪೈಕಿ, ಯಾವ ಮನೆಯವರು ಎಂದು ಕೇಳುವುದು ನಮ್ಮ ಕಡೆ ಮರ್ಯಾದೆ. ನಮ್ಮ ವಾರ್ಡನ್ ಸ್ಕಾಟ್ಲೆಂಡಿನವರು, ಎತ್ತರದ ಹೆಂಗಸು. ನಕ್ಕದ್ದನ್ನು ಯಾರೂ ಕಂಡಿರಲಿಲ್ಲ. ಮೊದಲ ಭೇಟಿಯಲ್ಲೇ ನಾನು ಸರಿಯಾದ ಇಂಗ್ಲಿಷಿನಲ್ಲಿ, "ತಾವು ಯಾರ ಪೈಕಿ?" ಎಂದು ಕೇಳಿದೆ. ಉಳಿದ ಹುಡುಗಿಯರು ಬಾಗಿಲ ಕಡೆ ಸರಿದರು.

ವಾರ್ಡನ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ತಮ್ಮ ಅಜ್ಜನ ಕುರಿಗಳು, ಅವು ಮೇಯುವ ಗುಡ್ಡ, ಪಕ್ಕದವನು ಒತ್ತಿ ಕಟ್ಟಿದ ಕಲ್ಲಿನ ಗೋಡೆ, ಅದಕ್ಕಾಗಿ ಎರಡು ಮನೆಗಳ ನಡುವೆ ಇಂದಿಗೂ ಮಾತಿಲ್ಲದಿರುವುದು, ಎಲ್ಲವನ್ನೂ ಹೇಳಿದರು. ಯಲಬುರ್ಗಿಯಲ್ಲಿ ನಮಗೂ ಇಂಥದೇ ಬದುವಿನ ತಕರಾರಿದೆ ಎಂದೆ. ಇಬ್ಬರೂ ಮಾತಿಗೆ ಬಿದ್ದೆವು. ಊಟದ ಗಂಟೆ ಹೊಡೆಯುವವರು ಅವರೇ ಆದ್ದರಿಂದ ಅಂದು ಇಡೀ ಹಾಸ್ಟೆಲು ಹಸಿದು ಕೂತಿತು.

ಅಜ್ಜನಿಗೆ ಹೇಳಿದಾಗ ಅವರು ನೆಟ್ಟಗೆ ಕೂತರು. "ಕೇಸಿನಾಗ ಜೀವ ಐತಿ. ಕಾಗದಪತ್ರ ತಗೊಂಡು ಒಮ್ಮೆ ಕೊಪ್ಪಳಕ್ಕ ಬರಾಕ ಹೇಳು."

೩. ಕಚ್ಚೆ

ಅಂತರ ಕಾಲೇಜು ಟೆನಿಸ್ ಪಂದ್ಯ. ಸೀರೆ ಕಾಲಿಗೆ ತೊಡರಿ ನಮ್ಮವರು ಬೀಳುತ್ತಿದ್ದರು. ನಾನು ಇಳಕಲ್ಲ ಸೀರೆಗೆ ಕಚ್ಚೆ ಹಾಕಿ ಒಂದು ಚೆಂಡನ್ನೂ ಬಿಡದೆ ಆಡುವುದನ್ನು ಕಂಡು ಬರ್ಮಾದವಳು, ಪಾರ್ಸಿಯವಳು, ಸಿಲೋನಿನವಳು, ಎಲ್ಲರೂ ಕಚ್ಚೆ ಕಲಿತರು. ಮದ್ರಾಸಿನಲ್ಲಿ ಕಚ್ಚೆ ಉಡುವವರು ಮನೆಯ ಹಿರಿಯ ಹೆಂಗಸರು ಎಂಬುದು ನಮಗೆ ಹೊಳೆಯಲೇ ಇಲ್ಲ. ಕಟ್ಟಿದ್ದು ಸಡಿಲಾದರೆ ನಾನು ಬಿಚ್ಚಿಸಿ ಮತ್ತೆ ಕಟ್ಟಿಸುತ್ತಿದ್ದೆ. ಪಂದ್ಯದ ದಿನ ನಾವು ಸಾಲಾಗಿ ಮೈದಾನಕ್ಕೆ ಬಂದಾಗ ಎದುರು ಕಾಲೇಜಿನ ಹುಡುಗಿಯರು ಗೌರವದಿಂದ ಎದ್ದು ನಿಂತು ಕುರ್ಚಿ ಕೊಟ್ಟರು. ಕೂತ ಮೇಲೆ, "ಆಡುವವರು ಯಾವಾಗ ಬರುತ್ತಾರೆ, ಅಮ್ಮಾ?" ಎಂದು ಕೇಳಿದರು.

೪. ಉಡಿ

ಅಜ್ಜನ ಕರೆಯ ಮೇರೆಗೆ ವಾರ್ಡನ್ ಒಂದು ರಜೆಯಲ್ಲಿ ನಿಜವಾಗಿಯೂ ಕೊಪ್ಪಳಕ್ಕೆ ಬಂದರು. ಕಾಗದಪತ್ರ ಮಾತ್ರ ತರಲಿಲ್ಲ. ಅಜ್ಜ ಸ್ವಲ್ಪ ಬೇಸರಪಟ್ಟರು. ಹೊರಡುವ ದಿನ ಆಯಿ ಕೇಳಿದಳು, "ಲಗ್ನ ಆಗೈತೇನು ಅಕೀದು?"

"ಇಲ್ಲ ಆಯಿ."

"ಹಂಗಾರ ಕನ್ಯಾ. ಮನಿಗೆ ಬಂದ ಹೆಣ್ಮಗಳು ಬರಿ ಉಡಿಲೆ ಹೋಗಬಾರದು."

ಆ ಕನ್ಯೆಗೆ ಐವತ್ತು ದಾಟಿತ್ತು. ಯಲಬುರ್ಗಿಯಿಂದ ಬಂದಿದ್ದ ನನ್ನ ಸೋದರತ್ತೆ, "ಫ್ರಾಕಿಗೆ ಸೆರಗ ಇಲ್ಲ. ಎದರಾಗ ತುಂಬ್ತೀಯವ್ವಾ?" ಎಂದಳು. ಆಯಿ ಸುತ್ತಲೂ ನೋಡಿದಳು. ಗೂಟಕ್ಕೆ ವಾರ್ಡನ್ನರ ಬಿಸಿಲು ಟೊಪ್ಪಿಗೆ ತೂಗುತ್ತಿತ್ತು.

"ಅದನ್ನ ಅಂಗಾತ ಹಿಡಿಯಾಕ ಹೇಳು."

ಗಂಗಾವತಿಯ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿಣ ಕೊಂಬು, ಉತ್ತತ್ತಿ, ಮೇಲೊಂದು ಗುಳೇದಗುಡ್ಡದ ಖಣ. ಟೊಪ್ಪಿಗೆ ತುಂಬಿತು. ತಮ್ಮ ಮನೆಯ ಹೊಸ್ತಿಲು ದಾಟುವವರೆಗೆ ಉಡಿ ಚೆಲ್ಲಬಾರದು ಎಂದು ಆಯಿ ಹೇಳಿದ್ದನ್ನು ನಾನು ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ವಾರ್ಡನ್ ತಲೆಯಾಡಿಸಿದರು.

ಆಗ ನಿಜಾಮರ ಸೀಮೆಯಿಂದ ಹೊರಗೆ ಹೋಗುವ ಸಾಮಾನನ್ನೆಲ್ಲ ಸ್ಟೇಷನ್ನಿನಲ್ಲಿ ಸುಂಕದವರು ಬಿಚ್ಚಿ ನೋಡುತ್ತಿದ್ದರು. ಅಂದು ಇದ್ದವರು ವಯಸ್ಸಾದ ಸಾಹೇಬರು, ತಲೆಯ ಮೇಲೆ ಕೆಂಪು ರೂಮಿ ಟೋಪಿ.

"ಟೊಪ್ಪಿಗಿ ತಿರುವ್ರಿ, ಮೇಮಸಾಬ."

ವಾರ್ಡನ್ ಟೊಪ್ಪಿಗೆಯನ್ನು ಎದೆಗೊತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದರು.

"ಸರಕಾರಿ ಹುಕುಂ ಐತ್ರಿ! ತಿರುವ್ರಿ!"

ಜನ ಸೇರಿದರು. ನಾನು ಮುಂದೆ ಬಂದು, "ಉಡಿ ತುಂಬ್ಯಾರ್ರಿ, ಸಾಹೇಬ್ರ" ಎಂದೆ.

ಸಾಹೇಬರು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡರು. "ಉಡಿ ಏನ್ರಿ? ಮೊದ್ಲ ಹೇಳಬಾರ್ದೇನ್ರಿ! ಉಡಿ ತಡದು ನಾ ಮನಿಗೆ ಹೋದ್ರ ನಮ್ಮ ಬೇಗಮ್ ನನಗ ಊಟ ಹಾಕ್ತಾಳೇನ್ರಿ?"

ಅಷ್ಟರಲ್ಲಿ ಬಿಸಿಲಿಗೆ ವಾರ್ಡನ್ನರ ಮುಖ ಕೆಂಪಾಗಿದ್ದು ಸಾಹೇಬರಿಗೆ ಕಂಡಿತು. ತಮ್ಮ ಕೊಡೆ ಬಿಚ್ಚಿ ಅವರ ತಲೆಯ ಮೇಲೆ ಹಿಡಿದು, ರೈಲು ಬರುವವರೆಗೆ ಅಲುಗಾಡದೆ ನಿಂತರು. ಕುಷ್ಟಗಿಯ ಕಡೆಯ ರೈತನೊಬ್ಬ ಬಾಯಿ ತೆರೆದು ನೋಡುತ್ತಿದ್ದ. "ಕೈಯಾಗ ಅಷ್ಟು ದೊಡ್ಡ ಟೊಪ್ಪಿಗಿ ಐತಿ. ತಲಿಗೆ ಹಾಕ್ಕೊಳ್ಳಾಕ ಬರಂಗಿಲ್ಲೇನ್ರಿ ಅಕೀಗೆ?"

ಸಾಹೇಬರು ಗದರಿದರು, "ಸುಮ್ಮನಿರೋ ಮಾರಾಯ! ಹೆಣ್ಮಗಳು ತವರಮನಿಯಿಂದ ಹೊಂಟಾಳ, ಕಾಣವಲ್ದೇನು?"

ಆ ರೈಲು ಹೊಸಪೇಟೆಗೆ ನಿಲ್ಲಲಿಲ್ಲ, ಮುಂದೆ ಹೋಯಿತು. ವಾರ್ಡನ್ ಮದ್ರಾಸಿನ ತಮ್ಮ ಹೊಸ್ತಿಲು ದಾಟುವವರೆಗೆ ಒಂದು ಕಾಳೂ ಚೆಲ್ಲಲಿಲ್ಲ.

ಸಿಲೋನಿನ ಹುಡುಗಿ ಒಂದು ರೊಟ್ಟಿಗಾಗಿ ಕ್ಷಮೆ ಕೇಳಿದಳು. ಇಲ್ಲಿ ಹಾಳಾಗುತ್ತಿರುವುದು ರೊಟ್ಟಿಯಲ್ಲ, ಒಬ್ಬ ಹುಡುಗಿಯ ಓದು. ಕಾಲೇಜು ತೆರೆಯುವ ದಿನ ಹತ್ತಿರ ಬಂದಿದೆ. ವಿಲಾಯಿತಿಗೆ ಹೋಗಿ ಬಂದ ಆ ಮಹಿಳೆ ನಮ್ಮ ಪಕ್ಕದ ಮನೆಗೆ ಬಂದು, ಆ ಹಿರಿಯಮ್ಮನ ಎದುರಿಗೆ, ಮೊಮ್ಮಗಳಿಗೂ ಕೇಳುವಂತೆ, ನನ್ನ ಕ್ಷಮೆ ಕೇಳಬೇಕು.