ಹೆಬ್ಬೂರಿನ ಕಣದಿಂದ ಟೇಕಾಫ್

"ಈ ಭಾನುವಾರ ಹೆಬ್ಬೂರಿಂದ ವಿಮಾನ ಹಾರಿಸದಿದ್ರೆ ನನ್ನ ಹೆಸರು ಗಂಗರಾಜು ಅಲ್ಲ!"

ಗಂಗರಾಜು ಹೀಗೆಂದು ತಟ್ಟೆಯಲ್ಲಿದ್ದ ಮುದ್ದೆಗೇ ಒಂದು ಗುದ್ದು ಕೊಟ್ಟ. ಮುದ್ದೆ ರೊಟ್ಟಿಯಾಯಿತು. ಸಾರು ಬಡಿಸುತ್ತಿದ್ದ ಹೆಂಡತಿ ವನಜಾಕ್ಷಿ ಸೌಟನ್ನು ಗಾಳಿಯಲ್ಲೇ ನಿಲ್ಲಿಸಿದಳು.

"ಮೊದ್ಲು ಬಚ್ಚಲ ನಲ್ಲಿ ಸೋರೋದು ನಿಲ್ಸಿ. ಆಮೇಲೆ ವಿಮಾನ ಹಾರ್ಸೀರಂತೆ."

ಮಹತ್ಕಾರ್ಯಕ್ಕೆ ಹೊರಟವರಿಗೆ ಇಂಥ ಅಡ್ಡಿಗಳು ಇದ್ದದ್ದೇ ಎಂದುಕೊಂಡು ಗಂಗರಾಜು ರೊಟ್ಟಿಯಾಕಾರದ ಮುದ್ದೆಯನ್ನು ಶಾಂತವಾಗಿ ನುಂಗಿದ.

ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದ ಗಂಗರಾಜು ತನ್ನ ವಂಶದಲ್ಲೇ ಮೊದಲ ಪದವೀಧರ. ಆದರೆ ಅವನು ಪದವಿಗಿಂತ ಹೆಚ್ಚು ಹೆಮ್ಮೆಪಡುತ್ತಿದ್ದುದು ಮೂರು ವರ್ಷದ ಹಿಂದೆ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋದ ಒಂದೂಕಾಲು ಗಂಟೆಯ ವಿಮಾನ ಪ್ರಯಾಣಕ್ಕೆ. ಹೆಂಡತಿಯ ಚಿಕ್ಕಪ್ಪನ ಮಗಳ ಮದುವೆಗೆಂದು ಗಂಡ ಹೆಂಡತಿ ಇಬ್ಬರೂ ಹೋಗಿದ್ದರು. ಅದೂ ಎಂಥ ವಿಮಾನ? ರೆಕ್ಕೆ ತಲೆಯ ಮೇಲಿರುವ, ಎರಡು ಪ್ರೊಪೆಲ್ಲರ್‌ಗಳ ಪುಟ್ಟ ವಿಮಾನ! ಮದುವೆಯಾದ ಆ ಹುಡುಗಿಗೆ ಈಗ ಎರಡು ಮಕ್ಕಳು. ಗಂಗರಾಜು ಮಾತ್ರ ಇನ್ನೂ ಆ ವಿಮಾನದಿಂದ ಇಳಿದಿರಲಿಲ್ಲ.

ಅವನ ಈ ಹುಚ್ಚಿಗೆ ಇಬ್ಬರು ಜೊತೆಗಾರರಿದ್ದರು. ಒಬ್ಬರು ಗುಬ್ಬಿಯ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ರಂಗನಾಥ್. ಇನ್ನೊಬ್ಬ ಕುಣಿಗಲ್‌ನಲ್ಲಿ ಮೆಡಿಕಲ್ ಸ್ಟೋರ್ ಇಟ್ಟಿದ್ದ ಬಾಲ್ಯದ ಗೆಳೆಯ ಮುತ್ತುರಾಜ್. ತಲೆಯ ಮೇಲೆ ಸದ್ದಾದರೆ ಮೂವರೂ ಎಲ್ಲಿದ್ದರಲ್ಲೇ ಕತ್ತೆತ್ತಿ ನಿಲ್ಲುವವರೇ. ಮೇಷ್ಟ್ರು ತರಬೇತಿಗೆಂದು ದೆಹಲಿಗೆ, ಮುತ್ತುರಾಜ್ ತಾಯಿಯ ಜೊತೆ ಕಾಶಿಗೆ ವಿಮಾನದಲ್ಲಿ ಹೋಗಿ ಬಂದಿದ್ದರು ನಿಜ. ಆದರೆ ಅವು ಜೆಟ್ ವಿಮಾನಗಳು.

"ಜೆಟ್ ಅಂದ್ರೆ ಏನ್ರಿ ಮೇಷ್ಟ್ರೇ? ಆಕಾಶದಲ್ಲಿ ಓಡೋ ಎಕ್ಸ್‌ಪ್ರೆಸ್ ಬಸ್ಸು!" ಎಂದು ಗಂಗರಾಜು ಅವರಿಬ್ಬರ ಬಾಯಿ ಮುಚ್ಚಿಸುತ್ತಿದ್ದ. "ಹತ್ತಿದ್ರಿ, ಇಳಿದ್ರಿ. ವಿಮಾನ ಅಂದ್ರೆ ಪ್ರೊಪೆಲ್ಲರ್ರು! ಕಿಟಕಿ ಪಕ್ಕದಲ್ಲೇ ಆರು ಬ್ಲೇಡು ಗರ್ರ್ ಅಂತ ತಿರುಗ್ತಾ ಇದ್ರೆ, ಒಳಕಲ್ಲಲ್ಲಿ ಚಟ್ನಿ ನುಣ್ಣಗಾದ ಹಂಗೆ ಒಂದಾಗೋಗ್ತವೆ. ಮೋಡ ಹೆಂಗಿತ್ತು ಅಂತೀರಿ? ಇಡ್ಲಿ ಹಿಟ್ಟು ಉಬ್ಬಿ ಪಾತ್ರೆಯಿಂದ ಆಚೆ ಬಂದಂಗೆ! ನಮ್ಮ ತುಮಕೂರು ಸೀಮೆ ತೆಂಗಿನ ತೋಟ ಎಲ್ಲಾ ಮೇಲಿಂದ ನೋಡಿದ್ರೆ, ಸಂತೇಲಿ ಜೋಡಿಸಿಟ್ಟ ಕೊತ್ತಂಬರಿ ಕಟ್ಟು!"

ಇಂಥ ವರ್ಣನೆಯನ್ನು ಕೇಳಿ ಕೇಳಿ ಮಾರುಹೋದ ರಂಗನಾಥ್ ಮೇಷ್ಟ್ರು, ಮುಂದಿನ ವಾರದ ಶನಿವಾರ ನಡೆಯಲಿದ್ದ ತಮ್ಮ ಶಾಲೆಯ ವಿಜ್ಞಾನ ಮೇಳಕ್ಕೆ ಗಂಗರಾಜುವನ್ನೇ ಮುಖ್ಯ ಅತಿಥಿ ಮಾಡಿಬಿಟ್ಟರು. ಆಹ್ವಾನ ಪತ್ರಿಕೆ ಸೋಮವಾರ ತುಮಕೂರಿನ ಪ್ರೆಸ್ಸಿಗೆ ಹೋಗುವುದಿತ್ತು. ಅಚ್ಚಾದ ಕಾಗದದಲ್ಲಿ ತನ್ನ ಹೆಸರು! ಅದೂ 'ಶ್ರೀ', ಪಕ್ಕದಲ್ಲಿ 'ಬಿ.ಎಸ್ಸಿ.', ಕೆಳಗೆ 'ವಿಮಾನಯಾನ ತಜ್ಞರು'! ಮೂರು ರಾತ್ರಿಯಿಂದ ಗಂಗರಾಜುವಿಗೆ ನಿದ್ದೆಯಿರಲಿಲ್ಲ. ಭಾಷಣದ ಜೊತೆಗೆ ಮಕ್ಕಳಿಗೆ ಒಂದು ಪ್ರಾತ್ಯಕ್ಷಿಕೆಯೂ ಇರಲಿ, ಅದನ್ನು ಭಾನುವಾರ ಮನೆಯಲ್ಲೇ ಒಮ್ಮೆ ಮಾಡಿ ನೋಡೋಣ ಎಂದು ಗೆಳೆಯರನ್ನು ಊಟಕ್ಕೆ ಕರೆದಿದ್ದ.

ಆ ಪ್ರಯಾಣದ ಒಂದು ಸಣ್ಣ ಸಂಗತಿ ಮಾತ್ರ ಗಂಡ ಹೆಂಡತಿಗೆ ಬಿಟ್ಟರೆ ಲೋಕಕ್ಕೆ ಗೊತ್ತಿರಲಿಲ್ಲ. ಅದನ್ನು ಯಾರಿಗೂ ಹೇಳಕೂಡದೆಂದು ಗಂಗರಾಜು ಹುಬ್ಬಳ್ಳಿಯ ವಿಮಾನ ನಿಲ್ದಾಣದಲ್ಲೇ ಹೆಂಡತಿಯಿಂದ ಭಾಷೆ ತೆಗೆದುಕೊಂಡಿದ್ದ. ವನಜಾಕ್ಷಿಯೂ ಒಂದು ಷರತ್ತು ಹಾಕಿದ್ದಳು: "ಏನು ಬೇಕಾದ್ರೂ ಕೊಚ್ಕೊಳ್ಳಿ. ನಾನು ಹೆದರಿದೆ ಅಂತ ಮಾತ್ರ ಯಾರ ಮುಂದೂ ಹೇಳ್ಕೂಡ್ದು."

ಭಾನುವಾರ ಬಂತು. ಅಪ್ಪ ಸಿದ್ದಗಂಗಯ್ಯ ರಾಗಿ ತೂರಲು ಆಳು ಹುಡುಕಿಕೊಂಡು ಬೆಳಿಗ್ಗೆಯೇ ಸಿ.ಎಸ್. ಪುರದ ಕಡೆಗೆ ಹೋಗಿದ್ದ. ಮನೆಯ ಮುಂದಿನ ಕಣದಲ್ಲಿ ಬಡಿದ ರಾಗಿ ಹೊಟ್ಟಿನ ಸಮೇತ ಗುಡ್ಡೆಯಾಗಿ, ಟಾರ್ಪಲ್ ಹೊದ್ದುಕೊಂಡು ಮಲಗಿತ್ತು. ಅದರ ಎದುರಿಗೆ ರಾಗಿ ತೂರುವ ಭಾರಿ ಫ್ಯಾನು. ಊಟಕ್ಕೆ ಬಂದ ಗೆಳೆಯರಿಬ್ಬರಿಗೂ ಗಂಗರಾಜು ಅದನ್ನು ತೋರಿಸಿ, "ನೋಡಿ, ನಮ್ಮ ಎಡಗಡೆ ಎಂಜಿನ್ನು!" ಎಂದ.

ಗುಡ್ಡೆಯ ಆಚೆ ಬದಿಗೆ ಪ್ಲಾಸ್ಟಿಕ್ ಕುರ್ಚಿಗಳನ್ನು ಎರಡೆರಡರಂತೆ ಜೋಡಿಸಿದ. ತಾಯಿ ಹೊಂಬಾಳಮ್ಮ, ಏನೇ ಆಗಲಿ ಹೊಸ ಗಾಡಿ ಎಂದು ನಾಲ್ಕು ಕುರ್ಚಿಗಳ ಕಾಲಿಗೂ ಒಂದೊಂದು ನಿಂಬೆಹಣ್ಣು ಇಟ್ಟಳು.

ಅಷ್ಟರಲ್ಲಿ ಗಂಗರಾಜುವಿನ ತಜ್ಞಬುದ್ಧಿ ಜಾಗೃತವಾಯಿತು. "ನಿಂತಿರೋ ವಿಮಾನದ ಚಕ್ರಕ್ಕೆ ಅಡ್ಡ ಕೊಡ್ಬೇಕು ಮೇಷ್ಟ್ರೇ. ಅದಿಲ್ದೆ ಎಂಜಿನ್ ಚಾಲೂ ಮಾಡೋದು ನಿಯಮಕ್ಕೆ ವಿರುದ್ಧ!" ಎಂದವನೇ ಸುತ್ತ ನೋಡಿದ. ಟಾರ್ಪಲ್ಲಿನ ನಾಲ್ಕು ಮೂಲೆಗಳಲ್ಲಿ ನಾಲ್ಕು ದಪ್ಪ ಕಲ್ಲುಗಳಿದ್ದವು. ಹೇಳಿ ಮಾಡಿಸಿದಂತಿದ್ದವು! ನಾಲ್ಕನ್ನೂ ಎತ್ತಿ ತಂದು ಕುರ್ಚಿಗಳ ಕಾಲಿಗೆ ಆನಿಸಿದ.

ಒಲೆಯ ಮೇಲಿನ ಅವರೆಕಾಳು ಸಾರನ್ನು ಇಳಿಸಿ ಜಗಲಿಯ ಮೇಲಿಟ್ಟು, ತಂತಿಯ ಮೇಲೆ ರೇಷ್ಮೆ ಸೀರೆ ಹರವಿ ಬಂದ ವನಜಾಕ್ಷಿ, "ಆ ಕಲ್ಲು ಯಾಕ್ರೀ ತೆಗೆದ್ರಿ?" ಎಂದಳು.

"ನಿಂಗೆ ಗೊತ್ತಾಗಲ್ಲ ಬುಡು. ಇದು ಏವಿಯೇಷನ್ನು."

ಮೇಷ್ಟ್ರು, ಮುತ್ತುರಾಜ್ ಕೂತರು. ಗಂಗರಾಜು ಮುತ್ತುರಾಜನ ಪಕ್ಕ ಕೂತು ಸೊಂಟಕ್ಕೆ ಟವಲ್ ಬಿಗಿದು ಬೆಲ್ಟ್ ಮಾಡಿಕೊಂಡ. ಪ್ರಯಾಣಕ್ಕೆ ಮುಂಚೆ ಒಂದು ನೆನಪು ಹೇಳದಿದ್ದರೆ ಹೇಗೆ?

"ಒಂದು ವಿಷ್ಯ ನಿಮಗ್ಯಾರಿಗೂ ಹೇಳಿಲ್ಲ. ಮೇಲೆ ಹೋದಾಗ ಗಾಳೀಲಿ ವಿಮಾನ ಒಂದ್ಸಲ ದಡಕ್ ಅಂತು ನೋಡಿ, ನಮ್ಮ ವನಜಾಕ್ಷಿ ಕಿಟಾರ್ ಅಂತ ಕಿರುಚಿಕೊಂಡ್ಳು! ಪಾಪ, ಹೆಂಗಸು. ನಾನೇ ಕೈ ಹಿಡ್ಕೊಂಡು ಧೈರ್ಯ ಹೇಳ್ದೆ. ಆ ನಡುಕಕ್ಕೆ ಅವಳ ಎರಡು ಬಳೆ ಒಡೆದೋದ್ವು ಅಂದ್ರೆ ಲೆಕ್ಕ ಹಾಕ್ಕೊಳ್ಳಿ!"

ಜಗಲಿಯ ಮೇಲಿದ್ದ ವನಜಾಕ್ಷಿಯ ಹುಬ್ಬು ಮೇಲೇರಿತು. ಆದರೆ ಅವಳು ಬಾಯಿ ತೆರೆಯುವ ಮುಂಚೆಯೇ ಗಂಗರಾಜು ಕೈಯೆತ್ತಿ, "ಅವ್ವಾ, ಎಂಜಿನ್ ಸ್ಟಾರ್ಟ್!" ಎಂದುಬಿಟ್ಟ.

ಹೊಂಬಾಳಮ್ಮ ಅರೆಮನಸ್ಸಿನ ಕೆಲಸ ಮಾಡಿದವಳಲ್ಲ. ಫ್ಯಾನಿನ ಗುಂಡಿಯನ್ನು ಒಂದರಲ್ಲೂ ನಿಲ್ಲಿಸದೆ, ಎರಡರಲ್ಲೂ ನಿಲ್ಲಿಸದೆ, ನೇರ ಕೊನೆಗೆ ತಿರುಗಿಸಿದಳು.

ಫ್ಯಾನು ಗರ್ರೆಂದಿತು. ಟಾರ್ಪಲ್ ಒಮ್ಮೆ ಉಸಿರೆಳೆದುಕೊಂಡಿತು. ಹೊಟ್ಟೆ ಉಬ್ಬಿಸಿತು. ಹಿಡಿದಿಡಲು ಒಂದು ಕಲ್ಲೂ ಇಲ್ಲದ್ದು ಅದಕ್ಕೆ ಅರ್ಥವಾಯಿತು. ಮರುಕ್ಷಣವೇ ಹೆಬ್ಬೂರಿನ ಇತಿಹಾಸದ ಪ್ರಪ್ರಥಮ ಟೇಕಾಫ್! ನೀಲಿ ಟಾರ್ಪಲ್ ಭೂಮಿಯ ಹಂಗು ತೊರೆದು ಮೇಲೆದ್ದು, ಮೇಷ್ಟ್ರ ತಲೆಯ ಮೇಲೆ ಹಾದು, ಗಂಗರಾಜುವಿನ ಮೇಲೆ ಇಳಿದು, ಅವನನ್ನು ತಲೆಯಿಂದ ಮೊಣಕಾಲವರೆಗೆ ಸುತ್ತಿಕೊಂಡಿತು. ಹಿಂದೆಯೇ ರಾಗಿ ಹೊಟ್ಟಿನ ಮಹಾಪ್ರಳಯ! ಕಣ ಕಾಣಲಿಲ್ಲ, ಮನೆ ಕಾಣಲಿಲ್ಲ, ಮುತ್ತುರಾಜನಿಗೆ ತನ್ನ ಮೂಗೇ ಕಾಣಲಿಲ್ಲ.

"ಅಯ್ಯೋ, ಸಾರು!" ಎಂದು ಹೊಂಬಾಳಮ್ಮ ಫ್ಯಾನು ಬಿಟ್ಟು ಜಗಲಿಗೆ ಓಡಿದಳು. "ಅಯ್ಯೋ, ನನ್ನ ಸೀರೆ!" ಎಂದು ವನಜಾಕ್ಷಿ ತಂತಿಯ ಕಡೆಗೆ ಓಡಿದಳು. ಸಾರಿನ ಮೇಲೆ ಬೆರಳು ದಪ್ಪ ಹೊಟ್ಟು ಕೂತಾಗಿತ್ತು. ಸೀರೆಯ ಬಣ್ಣ ಯಾವುದೆಂದು ಹೇಳುವಂತಿರಲಿಲ್ಲ. ಮೇಷ್ಟ್ರು ಕೆಮ್ಮುತ್ತ ಎದ್ದರು, ನಿಂಬೆಹಣ್ಣಿನ ಮೇಲೆ ಕಾಲಿಟ್ಟರು, ಮತ್ತೆ ಕೂತರು. ಈ ಸಲ ಕುರ್ಚಿ ಅಲ್ಲಿರಲಿಲ್ಲ.

ಕೊನೆಗೆ ವನಜಾಕ್ಷಿಯೇ ಒಳಗೆ ನುಗ್ಗಿ ಪ್ಲಗ್ಗು ಕಿತ್ತಳು.

ಫ್ಯಾನು ನಿಂತಿತು. ಊರೇ ಸ್ತಬ್ಧವಾದಂತಾಯಿತು. ಆ ನಿಶ್ಶಬ್ದದಲ್ಲಿ ನೀಲಿ ಟಾರ್ಪಲ್ಲಿನೊಳಗಿನಿಂದ ಒಂದು ದೀನ ಸ್ವರ ಸ್ಪಷ್ಟವಾಗಿ ಕೇಳಿಬಂತು.

"ವನಜೂ... ನೆಲ ಸಿಕ್ತಾ? ನೆಲ ಸಿಕ್ತೇನೇ, ವನಜೂ?"

"ಸಿಕ್ತು ಕಣ್ಲಾ! ಕೈ ಬುಡು, ಮೂಳೆ ಮುರೀತದೆ!" ಎಂದು ಮುತ್ತುರಾಜ್ ಅರಚಿದ. ಟಾರ್ಪಲ್ಲಿನ ಅಡಿಯಿಂದ ಹೊರಬಂದಿದ್ದ ಗಂಗರಾಜುವಿನ ಎರಡು ಕೈಗಳೂ ಅವನ ಮಣಿಕಟ್ಟನ್ನು ಹಿಡಿದಿದ್ದವು.

ವನಜಾಕ್ಷಿ ಹೊಟ್ಟು ತುಂಬಿದ ಸೀರೆಯನ್ನು ಎದೆಗವಚಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಬೈಯಲೆಂದೇ ಬಂದವಳಿಗೆ ನಗು ತಡೆಯಲಾಗಲಿಲ್ಲ.

"ಇದೇ ಮಾತು ಮೇಷ್ಟ್ರೇ! ಅಲ್ಲೂ ಒಂದೂಕಾಲು ಗಂಟೆ ಇದೇ ಮಾತು! ಚಕ್ರ ನೆಲ ಬಿಟ್ಟಾಗ ಮುಚ್ಚಿದ ಕಣ್ಣು, ಹುಬ್ಬಳ್ಳೀಲಿ ಬಾಗಿಲು ತೆಗೆದ ಮೇಲೇ ಬಿಟ್ಟಿದ್ದು. ಜಗಳ ಆಡಿ ಕಿಟಕಿ ಸೀಟು ತಗೊಂಡ್ರು, ತಲೆ ಮೇಲೆ ಟವಲ್ ಹೊದ್ಕೊಂಡ್ರು. ನನ್ನ ಬಳೆ ಒಡೆದಿದ್ದು ಯಾರು ಹಿಡ್ಕೊಂಡಿದ್ದಕ್ಕೆ ಅಂತ ಮುತ್ತಣ್ಣನ ಕೈ ನೋಡಿದ್ರೇ ಗೊತ್ತಾಗುತ್ತೆ!"

"ವನಜಾ, ಭಾಷೆ ಕೊಟ್ಟಿದ್ದೆ ನೀನು!" ಎಂದಿತು ಟಾರ್ಪಲ್.

"ಷರತ್ತು ಮುರಿದಿದ್ದು ಯಾರು? ನಾನು ಕಿರುಚಿದ್ನಾ? ನಾನು?"

ಟಾರ್ಪಲ್ ಇನ್ನಷ್ಟು ಮುದುಡಿಕೊಂಡಿತು.

ಮುತ್ತುರಾಜ್ ಮಣಿಕಟ್ಟು ತಿಕ್ಕಿಕೊಳ್ಳುತ್ತ ಕೇಳಿದ. "ಅಲ್ಲಾ ಅತ್ತಿಗೆ, ಹಂಗಾದ್ರೆ ಆ ಮೋಡ, ತೋಟ, ಬ್ಲೇಡು?"

"ನಾನು ಅವರ ಮೇಲೆ ಬಗ್ಗಿ ಕಿಟಕೀಲಿ ನೋಡಿ ನೋಡಿ ಹೇಳಿದ್ದು! ಗಮನ ಆ ಕಡೆ ಹೋಗ್ಲಿ ಅಂತ."

ರಂಗನಾಥ್ ಮೇಷ್ಟ್ರು ಕನ್ನಡಕದ ಹೊಟ್ಟು ಒರೆಸಿ, ದೊಡ್ಡದೊಂದು ಪ್ರಮೇಯ ಬಗೆಹರಿಸಿದವರಂತೆ ತಲೆದೂಗಿದರು. "ಅದಕ್ಕೇ ನಾನು ಅಂದ್ಕೋತಿದ್ದೆ. ಕಾರ್ಖಾನೆ ಮನುಷ್ಯ, ಆದ್ರೆ ಇಡ್ಲಿ ಹಿಟ್ಟು, ಚಟ್ನಿ, ಕೊತ್ತಂಬರಿ ಬಿಟ್ಟು ಬೇರೆ ಹೋಲಿಕೇನೇ ಬರಲ್ವಲ್ಲಾ ಅಂತ!"

ಅಷ್ಟರಲ್ಲಿ ಸಿದ್ದಗಂಗಯ್ಯ ಬರಿಗೈಯಲ್ಲಿ ವಾಪಸಾದ. ಕಣವನ್ನು ನೋಡಿದ. ಬೂದುಬಣ್ಣದ ಇಬ್ಬರನ್ನು, ನೀಲಿ ಬಣ್ಣದ ಒಬ್ಬನನ್ನು ನೋಡಿದ. ಮುದುಕ ಬಗ್ಗಿ ಗುಡ್ಡೆಯಿಂದ ಒಂದು ಹಿಡಿ ರಾಗಿ ಎತ್ತಿ ಅಂಗೈಯಲ್ಲಿ ಉಜ್ಜಿದ.

"ಪರ್ವಾಗಿಲ್ವೇ, ಅರ್ಧ ತೂರಿ ಆಗೈತೆ! ಮೂರು ಆಳು ಬೇಕು ಅಂತ ಊರೂರು ಸುತ್ತಿದ್ನಲ್ಲಾ, ಮನೇಲೇ ಅವ್ರೆ ಮೂರು ಜನ. ಏನ್ಲಾ ಗಂಗಾ, ಟಾರ್ಪಲ್ ಬಿಚ್ಚು. ಮೊರ ತಗೋ."

ಆ ಸಂಜೆಯವರೆಗೆ ಗಗನಯಾತ್ರಿಗಳು ಮೂವರೂ ರಾಗಿ ತೂರಿದರು. ಊಟಕ್ಕೆ ಸಾರಿರಲಿಲ್ಲ. ಮುದ್ದೆಗೆ ಉಪ್ಪಿನಕಾಯಿ ನೆಂಚಿಕೊಂಡರು. ಅವರು ತೂರುತ್ತಿದ್ದಷ್ಟು ಹೊತ್ತೂ ವನಜಾಕ್ಷಿ ಜಗಲಿಯ ಮೇಲೆ ಕೂತು ಆ ಹಾರಾಟವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಹುಬ್ಬಳ್ಳಿ ಹತ್ತಿರ ಬಂದಾಗ ವಿಮಾನದ ಹೊಟ್ಟೆಯಿಂದ ಚಕ್ರ ಹೊರಬಂದಿದ್ದನ್ನು, ಹುಂಜ ಜಗಲಿಯಿಂದ ಹಾರುವಾಗ ಕಾಲು ಚಾಚುವುದಕ್ಕೆ ಹೋಲಿಸಿದಳು. ಮೇಷ್ಟ್ರು ಮೊರವನ್ನು ಕೈಯಲ್ಲಿ ಹಿಡಿದು ಮೈಮರೆತು ನಿಂತರು. ಅವರ ಆ ನೋಟ ಕಂಡಾಗಲೇ ಗಂಗರಾಜುವಿಗೆ ಸೋಮವಾರದ ಪ್ರೆಸ್ಸು ನೆನಪಾಯಿತು.

ಗುರುವಾರ ಆಹ್ವಾನ ಪತ್ರಿಕೆ ಬಂತು. ಮುಖ್ಯ ಅತಿಥಿಗಳು: ಶ್ರೀಮತಿ ವನಜಾಕ್ಷಿ, ವಿಮಾನಯಾನ ಅನುಭವಿಗಳು. ಗಂಗರಾಜು ತನ್ನ ಹೆಸರಿಗಾಗಿ ಹುಡುಕಿದ. ಸ್ವಾಗತದಲ್ಲಿರಲಿಲ್ಲ, ವಂದನಾರ್ಪಣೆಯಲ್ಲಿರಲಿಲ್ಲ. ಕಟ್ಟಕಡೆಯ ಸಾಲಿನಲ್ಲಿ ಸಿಕ್ಕಿತು. ಫ್ಯಾನ್ ವ್ಯವಸ್ಥೆ: ಶ್ರೀ ಗಂಗರಾಜು, ಬಿ.ಎಸ್ಸಿ.

ಶನಿವಾರ ಬೆಳಿಗ್ಗೆ ತುಮಕೂರಿನಲ್ಲಿ ಗುಬ್ಬಿ ಬಸ್ಸು ಹತ್ತಿದರು. ಎರಡು ಸಲ ಒಗೆಸಿಕೊಂಡ ರೇಷ್ಮೆ ಸೀರೆಯಲ್ಲಿ ಮುಖ್ಯ ಅತಿಥಿ ಮುಂದೆ, ಹೆಗಲ ಮೇಲೆ ಟೇಬಲ್ ಫ್ಯಾನು ಹೊತ್ತ ವ್ಯವಸ್ಥಾಪಕ ಹಿಂದೆ. ಇಬ್ಬರು ಕೂರುವ ಸೀಟು ಖಾಲಿಯಿತ್ತು.

"ಕಿಟಕಿ ಪಕ್ಕ ನೀವೇ ಕೂತ್ಕೊಳ್ಳಿ. ನಿಮಗೆ ಇಷ್ಟ ಅಲ್ವಾ?" ಎಂದಳು ವನಜಾಕ್ಷಿ.

ಗಂಗರಾಜು ತಲೆತಗ್ಗಿಸಿ ಫ್ಯಾನನ್ನು ತಬ್ಬಿಕೊಂಡ.

"ನೀನೇ ಕೂತ್ಕೊಳ್ಳೇ. ದಾರೀಲಿ ಏನೇನು ಕಾಣುತ್ತೆ ಅಂತ ನಂಗೆ ಹೇಳು, ಸಾಕು."