ಪಿಎಚ್‌ಡಿಗೆ ಅರ್ಜಿ ಹಾಕಿದ ಮೇಡಂ

ಪಿಎಚ್‌ಡಿ ಮಾಡೋರ ಕಷ್ಟವನ್ನು ಎಲ್ಲರೂ ಹೇಳಿಕೊಳ್ತಾರೆ. ಪಿಎಚ್‌ಡಿಗೆ ಅರ್ಜಿ ಹಾಕೋರ ಕಷ್ಟವನ್ನು ಯಾರೂ ಹೇಳಿಕೊಳ್ಳಲ್ಲ, ಯಾಕಂದ್ರೆ ಕೇಳಿದವರು ನಗ್ತಾರೆ. ನನಗಂತೂ ಅರ್ಜಿ ಹಾಕಿದ ಮೂರು ವರ್ಷವೂ ತಪ್ಪದೆ ಏನಾದರೊಂದು ಆಗ್ತಾನೇ ಇತ್ತು. ಈಗ ನಾನೇ ನಗ್ತಿದ್ದೀನಿ, ಅದಕ್ಕೇ ಹೇಳ್ತಿದ್ದೀನಿ.

ನಾನು ದೊಡ್ಡಬಳ್ಳಾಪುರದ ಒಂದು ಕಾಲೇಜಿನಲ್ಲಿ ಕನ್ನಡದ ಅತಿಥಿ ಉಪನ್ಯಾಸಕಿ. ಬಿಎ, ಬಿಕಾಂ ಎರಡನ್ನೂ ಸೇರಿಸಿ ಒಂದೇ ಹಾಲಿನಲ್ಲಿ ತುಂಬಿದ ಹುಡುಗರಿಗೆ ಮೈಕಿಲ್ಲದೆ ಪಾಠ ಮಾಡ್ತೀನಿ. ಪಾಠ ಅಂದ್ರೆ ನನಗೆ ಪ್ರಾಣ, ಚೆನ್ನಾಗಿಯೂ ಮಾಡ್ತೀನಿ. ಇದನ್ನು ಬೇರೆಯವರು ಹೇಳಲಿ ಅಂತ ಕಾಯೋ ಜಾಯಮಾನ ನನ್ನದಲ್ಲ.

ಒಂದಿನ ಪ್ರಿನ್ಸಿಪಾಲರು ಕರೆದು, "ಮೇಡಂ, ಬರೀ ಎಂಎ ಇರೋರನ್ನ ಇನ್ನು ಜಾಸ್ತಿ ವರ್ಷ ಇಟ್ಕೊಳೋಕಾಗಲ್ಲ. ಪಿಎಚ್‌ಡಿಗೆ ಎಲ್ಲಾದ್ರೂ ಸೇರ್ಕೊಂಡ್ಬಿಡಿ" ಅಂದರು. ಪಕ್ಕದ ಬಾಶೆಟ್ಟಿಹಳ್ಳಿ ಫ್ಯಾಕ್ಟರಿಯಲ್ಲಿ ಶಿಫ್ಟಿಗೆ ಸೇರೋ ಹಾಗೆ ಹೇಳಿಬಿಟ್ಟರು. ಆದರೂ ನಾನು ಹೆದರಲಿಲ್ಲ. ನನ್ನ ಹತ್ರ ಒಳ್ಳೇ ವಿಷಯ ಇತ್ತು. ನಮ್ಮೂರಲ್ಲಿ ಬೀದಿ ಬೀದಿಗೂ ಮಗ್ಗ. ನಮ್ಮತ್ತೆ ಕಾಲದಲ್ಲಿ ಹೆಂಗಸರು ಕೈಮಗ್ಗದ ಮುಂದೆ ಕೂತು ಹಾಡ್ತಿದ್ದರು. ಕರೆಂಟಿನ ಮಗ್ಗ ಬಂದ ಮೇಲೆ ಆ ಸದ್ದಿನಲ್ಲಿ ಯಾರ ಹಾಡು ಯಾರಿಗೂ ಕೇಳಿಸದೆ ಹಾಡೇ ನಿಂತುಹೋಯಿತು. ಆ ಹಾಡುಗಳ ಬಗ್ಗೆ ಬರೀಬೇಕು ಅಂತ ನನ್ನ ಆಸೆ. ಸೀಟು ಸಿಕ್ಕಿದರೆ ಹಾಡೂ ಉಳಿಯುತ್ತೆ, ನನ್ನ ಕ್ಲಾಸೂ ಉಳಿಯುತ್ತೆ. ಸಿಗದಿದ್ದರೆ ಎರಡೂ ಹೋಗುತ್ತೆ.

೧. ಚಕ್ಕೋತ

ಅರ್ಜಿ ಹಾಕೋಕೆ ಮುಂಚೆ ಒಬ್ಬ ಗೈಡ್ ಹುಡುಕ್ಕೋಬೇಕು, ಅವರು ಹೂಂ ಅನ್ನಬೇಕು. ಕಾಲೇಜಿನ ಹಿರಿಯರೊಬ್ಬರು ಬೆಂಗಳೂರಿನ ಒಬ್ಬ ಪ್ರೊಫೆಸರ ಮನೆ ವಿಳಾಸ ಕೊಟ್ಟು, "ಬರಿಗೈಲಿ ಹೋಗ್ಬೇಡಿ, ಚೆನ್ನಾಗಿರಲ್ಲ" ಅಂದರು. ನನ್ನ ತವರು ದೇವನಹಳ್ಳಿ ಕಡೆ. ಅಲ್ಲಿಂದ ಒಯ್ಯೋದಾದರೆ ಚಕ್ಕೋತ ಬಿಟ್ಟು ಇನ್ನೇನು? ನಮ್ಮಮ್ಮನ ಹಿತ್ತಲಿನ ಎರಡು ದೊಡ್ಡ ಹಣ್ಣು ಆರಿಸಿ, ಚೀಲಕ್ಕೆ ಹಾಕ್ಕೊಂಡು ಬಸ್ ಹತ್ತಿದೆ. ಇಷ್ಟು ಒಳ್ಳೆ ಉಡುಗೊರೆ ಯಾರಿಗೂ ಹೊಳೆದಿರಲ್ಲ ಅಂತ ದಾರಿಯುದ್ದಕ್ಕೂ ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡೆ.

ಪ್ರೊಫೆಸರ ಹೆಂಡತಿ ಬಾಗಿಲು ತೆಗೆದರು. ನನ್ನ ಕೈಲಿದ್ದ ಚೀಲ ನೋಡಿದ ತಕ್ಷಣ ಅವರ ಮುಖ ಸಪ್ಪಗಾಯಿತು. "ದೇವನಹಳ್ಳಿ ಕಡೆಯೋರಾ?" ಅಂದರು. ಒಳಗೆ ಹೋಗಿ ನೋಡ್ತೀನಿ, ಸೋಫಾ ಕೆಳಗೆ ಚಕ್ಕೋತ, ಟಿವಿ ಪಕ್ಕ ಚಕ್ಕೋತ, ಪುಸ್ತಕದ ಕಪಾಟಿನ ಮೇಲೂ ಚಕ್ಕೋತ. ನನಗಿಂತ ಮುಂಚೆ ಬಂದ ಅಭ್ಯರ್ಥಿಗಳಿಗೆಲ್ಲ ನನ್ನಷ್ಟೇ ಜಾಣತನ ಇತ್ತು.

ಪ್ರೊಫೆಸರು ಒಳ್ಳೆಯವರೇ. "ವಿಷಯ ಚೆನ್ನಾಗಿದೆಯಮ್ಮ, ಆದ್ರೆ ನನ್ನ ಹತ್ರ ಈ ವರ್ಷ ಜಾಗ ಇಲ್ಲ" ಅಂದರು. ನನ್ನ ಕಣ್ಣಲ್ಲಿ ನೀರು ಬಂದೇಬಿಟ್ಟಿತು. ಅವರ ಹೆಂಡತಿಗೆ ಕನಿಕರ ಆಯಿತೋ, ಇದೇ ಸಮಯ ಅನ್ನಿಸಿತೋ, ಅಡುಗೆಮನೆಗೆ ಹೋಗಿ ಒಂದು ಗೋಣಿಚೀಲ ತಂದು, ಮನೆಯಲ್ಲಿದ್ದ ಹಣ್ಣನ್ನೆಲ್ಲ ತುಂಬಿ, "ಬೇಜಾರು ಮಾಡ್ಕೋಬೇಡಮ್ಮ, ಮಕ್ಕಳಿಗೆ ಕೊಡು. ನಮ್ಮನೇಲಿ ಇದನ್ನ ಯಾರೂ ಮುಟ್ಟಲ್ಲ" ಅಂತ ನನ್ನ ತಲೆಗೆ ಕಟ್ಟಿದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಗೋಣಿಚೀಲ ಕಾಲಡಿ ಇಟ್ಟುಕೊಂಡು ಮೂಗು ಒರೆಸಿಕೊಳ್ತಾ ಕೂತಿದ್ದೆ. ಕಂಡಕ್ಟರ್ ಬಂದು ನನ್ನನ್ನೂ ನೋಡಿದ, ಚೀಲವನ್ನೂ ನೋಡಿದ. "ವ್ಯಾಪಾರ ಆಗ್ಲಿಲ್ವೇನಕ್ಕಾ? ಪರವಾಗಿಲ್ಲ ಬಿಡಿ, ನಾಳೆ ಆಗುತ್ತೆ. ಲಗೇಜ್ ಟಿಕೆಟ್ ತಗೊಳ್ಳಿ" ಅಂದ.

೨. ಹೆಸರು ಉದ್ದವಾದದ್ದು

ಚಕ್ಕೋತದ ಪ್ರೊಫೆಸರು ಬಿಟ್ಟರೆ ಇನ್ನೊಬ್ಬರು ಸಿಗಬೇಕಲ್ಲ. ನಾನು ಬಿಡೋಳಲ್ಲ, ಕಂಡವರ ಹತ್ರ ಎಲ್ಲ ಹೋದೆ. ನಾನು ಪ್ರಬಂಧಕ್ಕೆ ಇಟ್ಟ ಹೆಸರು "ಮಗ್ಗದ ಹಾಡುಗಳು" ಅಂತ. ಮೊದಲು ನೋಡಿದವರು "ಇದೇನ್ರೀ, ಮಕ್ಕಳ ಪುಸ್ತಕದ ಹಾಗಿದೆ. 'ಒಂದು ಅಧ್ಯಯನ' ಅಂತ ಸೇರಿಸಿ" ಅಂದರು. ಸೇರಿಸಿದೆ. ಇನ್ನೊಬ್ಬರು "ಬರೀ ಅಧ್ಯಯನ ಸಾಲಲ್ಲ, ಸಾಂಸ್ಕೃತಿಕ ಅಧ್ಯಯನ ಆಗ್ಬೇಕು" ಅಂದರು. ಮತ್ತೊಬ್ಬರಿಗೆ ತಾಲ್ಲೂಕಿನ ಹೆಸರು ಬೇಕಿತ್ತು. ಕೊನೆಗೆ ಸಿಕ್ಕಿದವರು ಕಣ್ಣು ಮುಚ್ಚಿ ಯೋಚನೆ ಮಾಡಿ, "ಅಸ್ಮಿತೆ, ಅಂಚು, ಆಧುನಿಕೋತ್ತರ, ಈ ಮೂರೂ ಇರ್ಲಿ. ಎಲ್ಲಾದ್ರೂ ಹಾಕ್ಕೊಳ್ಳಿ, ಗೈಡ್ ಆಗೋಕೆ ಹೂಂ ಅಂತೀನಿ" ಅಂದರು.

ಇದನ್ನೆಲ್ಲ ಟೈಪ್ ಮಾಡೋದು ನಮ್ಮ ಬಸ್‌ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿ ಭಾಯ್. ಪ್ರತಿ ಸಲ ನಾನು ಹೋದಾಗಲೂ ಹಳೇದನ್ನು ಅಳಿಸಿ ಹೊಸದನ್ನು ಹೊಡೀಬೇಕು. ಕೊನೇ ಸಲ ಟೈಪ್ ಮಾಡಿ, ಪರದೆಯನ್ನೇ ನೋಡ್ತಾ ಕೂತ. "ಅಕ್ಷರ ಸಣ್ಣದು ಮಾಡಿದ್ರೂ ಮೂರು ಸಾಲು ಬರ್ತದೆ ಮೇಡಂ. ನಾನು ಮದುವೆ ಕಾರ್ಡ್ ಎಷ್ಟೋ ಹೊಡೆದಿದ್ದೀನಿ. ಎರಡೂ ಕಡೆ ಅಜ್ಜ ಅಜ್ಜಿ, ಮಾವ, ಸೋದರತ್ತೆ ಎಲ್ಲಾ ಹಾಕಿದ್ರೂ ಇಷ್ಟುದ್ದ ಬರಲ್ಲ."

"ಏನ್ ಮಾಡೋದು ಭಾಯ್, ಅವರು ಹೇಳಿದ್ದಾರೆ."

"ಅದ್ಸರಿ, ಒಳಗೆ ಏನ್ ಬರೀತೀರಾ?"

"ಮಗ್ಗದ ಹಾಡುಗಳು."

"ಬಸ್, ಅಷ್ಟೇನಾ? ಹಂಗಂತ ಹಾಕಿದ್ರೆ ಏನ್ ತೊಂದ್ರೆ?"

"ಹಂಗಂತ ಹಾಕಿದ್ರೆ ಅರ್ಥ ಆಗ್ಬಿಡುತ್ತೆ ಭಾಯ್, ಅದೇ ತೊಂದ್ರೆ" ಅಂದೆ.

೩. ಘಾಟಿಯಲ್ಲಿ

ಅಷ್ಟುದ್ದ ಹೆಸರಿಟ್ಟರೂ ಮೊದಲ ವರ್ಷ ಅರ್ಜಿ ಪ್ರವೇಶ ಪರೀಕ್ಷೆ ತನಕವೂ ಹೋಗಲಿಲ್ಲ. ಪಟ್ಟಿ ಬಂದ ದಿನ ಮನೆಯಲ್ಲಿ ಊಟ ಬೇಡ ಅಂದೆ. ನಮ್ಮತ್ತೆಗೆ ನಾನು ಊಟ ಬಿಟ್ಟಿದ್ದು ಗಾಬರಿ. "ನಾಳೆ ಘಾಟಿಗೆ ಹೋಗಿಬರೋಣ, ಹರಕೆ ಕಟ್ಕೊಳ್ಳೋಣ" ಅಂದರು. ನಮ್ಮನೆಯವರು ಫ್ಯಾಕ್ಟರಿ ಶಿಫ್ಟ್ ಬದಲಾಯಿಸಿಕೊಂಡು ಜೊತೆಗೆ ಬಂದರು.

ಘಾಟಿ ಸುಬ್ರಹ್ಮಣ್ಯಕ್ಕೆ ಗಂಡ ಹೆಂಡತಿ, ಜೊತೆಗೆ ಅತ್ತೆ, ಮೂರು ಜನ ಮುಖ ಸಪ್ಪಗೆ ಮಾಡ್ಕೊಂಡು ಬಂದರೆ ಅದು ಯಾತಕ್ಕೆ ಅಂತ ಅಲ್ಲಿ ಯಾರೂ ಕೇಳೋದಿಲ್ಲ. ಅರ್ಚಕರು ನಮ್ಮನ್ನು ನೋಡಿದವರೇ ಹೆಸರು, ನಕ್ಷತ್ರ ಕೇಳಿ, ಬೇಗ ಸಂತಾನಭಾಗ್ಯ ಆಗಲಿ ಅಂತ ಹೂವು ಕೊಟ್ಟರು.

ಅತ್ತೆ ಕೈ ಅಡ್ಡ ಹಿಡಿದರು. "ಅದಲ್ಲ ಸ್ವಾಮಿ, ಮಕ್ಕಳು ಎರಡಿವೆ, ಸಾಕು. ಇದು ಪಿಎಚ್‌ಡಿಗೆ."

ಅರ್ಚಕರು ಹೂವನ್ನು ವಾಪಸ್ ತಟ್ಟೆಗೆ ಹಾಕಿದರು. "ತಾಯಿ, ಹಿಂದೆ ಒಬ್ಬರು ಮೇಷ್ಟ್ರು ಬಂದು ಮದುವೆಗೆ, ಪಿಎಚ್‌ಡಿಗೆ, ಎರಡಕ್ಕೂ ಒಂದೇ ಸಲ ಹರಕೆ ಹೊತ್ಕೊಂಡ್ರು. ಮದುವೆ ಆಯ್ತು. ಮಗು ಆಯ್ತು. ಮಗುಗೆ ಇಲ್ಲೇ ಮುಡಿ ಕೊಟ್ರು. ಮಗು ಈಗ ಸ್ಕೂಲಿಗೆ ಹೋಗ್ತಿದೆ."

"ಪಿಎಚ್‌ಡಿ?" ಅಂದರು ಅತ್ತೆ.

"ಅದಿನ್ನೂ ಎರಡನೇ ಅಧ್ಯಾಯದಲ್ಲಿದೆಯಂತೆ."

೪. ಪಕ್ಕದ ಡೆಸ್ಕು

ಎರಡನೇ ವರ್ಷ ಪ್ರವೇಶ ಪರೀಕ್ಷೆಗೆ ಹೋದೆ. ಹಾಲಿನಲ್ಲಿ ನನ್ನ ಪಕ್ಕದ ಡೆಸ್ಕಿನಲ್ಲಿ ಕೂತಿದ್ದವನು ನನ್ನನ್ನು ಕಂಡು ಎದ್ದು ನಿಂತ. ನನ್ನದೇ ಹಳೇ ವಿದ್ಯಾರ್ಥಿ, ನಾನು ಪಾಠ ಮಾಡಿದ ಬಿಎ ಹುಡುಗ, ಆಮೇಲೆ ಎಂಎ ಮುಗಿಸಿದ್ದಾನೆ. "ಮೇಡಂ, ಈ ರೂಮಿಗೆ ಸೂಪರ್‌ವೈಸರ್ ನೀವೇನಾ?" ಅಂದ.

"ಇಲ್ಲ ಕಣಪ್ಪ, ಬರೆಯೋಕೆ ಬಂದಿದ್ದೀನಿ."

ಅವನು ಪಾಪ, ನಾನು ಕೂರೋ ತನಕ ಕೂರಲಿಲ್ಲ. ಪರೀಕ್ಷೆ ಶುರುವಾಯಿತು. ಒಂದೊಂದು ಪ್ರಶ್ನೆಗೂ ನಾಲ್ಕು ಉತ್ತರ, ಸರಿಯಾದದ್ದಕ್ಕೆ ಗುರುತು ಹಾಕಬೇಕು. ಇಷ್ಟು ಸುಲಭ ಇರೋಕೆ ಸಾಧ್ಯವೇ ಇಲ್ಲ, ಏನೋ ಮೋಸ ಇದೆ ಅಂತ ನನಗೆ ಅನುಮಾನ. ಮೊದಲು ಹೊಳೆದ ಉತ್ತರ ಬಿಟ್ಟು, ಪ್ರಶ್ನೆ ತೆಗೆದವರ ಮನಸ್ಸಿನಲ್ಲಿ ಏನಿರಬಹುದು ಅಂತ ಆಳವಾಗಿ ಯೋಚಿಸಿ, ಇನ್ನೊಂದಕ್ಕೆ ಗುರುತು ಹಾಕಿದೆ. ಪಕ್ಕದಲ್ಲಿ ನನ್ನ ಶಿಷ್ಯ ಗುರುತು ಹಾಕಿ ಹಾಕಿ, ಅರ್ಧ ಸಮಯಕ್ಕೇ ಪೆನ್ ಮುಚ್ಚಿಟ್ಟು ಕೂತ. ಓದದೆ ಬಂದಿದ್ದಾನೆ ಪಾಪ, ಅಂದುಕೊಂಡೆ.

ಫಲಿತಾಂಶ ಬಂತು. ಅವನು ಪಾಸು, ನಾನಿಲ್ಲ. ಹುಡುಗ ಮೈಸೂರುಪಾಕ್ ಡಬ್ಬ ಹಿಡ್ಕೊಂಡು ಮನೆಗೇ ಬಂದ, ನನ್ನ ಕಾಲಿಗೆ ಬಿದ್ದ. "ಎಲ್ಲಾ ನಿಮ್ಮ ಪಾಠದ ಪುಣ್ಯ ಮೇಡಂ. ಕ್ಲಾಸಲ್ಲಿ ನೀವು ಹೇಳಿದ್ದನ್ನೇ ಹಾಕ್ದೆ, ಎಲ್ಲಾ ಸರಿ ಬಂತು. ನಿಮಗೆ ಯಾಕೆ ಮೇಡಂ ಆಗ್ಲಿಲ್ಲ?"

ಹೊಟ್ಟೆ ಉರೀತಿತ್ತು, ಸುಳ್ಳು ಹೇಳಲ್ಲ. ಹೆಮ್ಮೇನೂ ಆಗ್ತಿತ್ತು. ಎರಡೂ ಒಟ್ಟಿಗೆ ಬಂದಾಗ ಮನುಷ್ಯ ಎಷ್ಟು ಮೈಸೂರುಪಾಕ್ ತಿಂತಾನೆ ಅಂತ ಅವತ್ತು ಗೊತ್ತಾಯಿತು. ಹುಡುಗ ಹೋದ ಮೇಲೆ ನಮ್ಮನೆಯವರು ಖಾಲಿ ಡಬ್ಬ ಮುಚ್ಚಿಡ್ತಾ ಹೇಳಿದರು: "ಮುಂದಿನ ಸಲ ನೀನೂ ನಿನ್ನ ಕ್ಲಾಸಿಗೆ ಹೋಗಿ ಕೂತ್ಕೊಳೇ. ಆ ಮೇಡಂ ಚೆನ್ನಾಗಿ ಹೇಳ್ಕೊಡ್ತಾರಂತೆ."

೫. ಸಂದರ್ಶನ

ಮೂರನೇ ವರ್ಷ ಪ್ರಿನ್ಸಿಪಾಲರು ನನ್ನ ಮುಖ ನೋಡದೆ, "ಈ ಸಲ ಆಗ್ದಿದ್ರೆ ಮುಂದಿನ ವರ್ಷ ನಿಮ್ಮನ್ನ ಕರೆಯೋಕಾಗಲ್ಲ ಮೇಡಂ. ನನ್ನ ಕೈಲೇನೂ ಇಲ್ಲ" ಅಂದರು. ಹೇಳೋಕೆ ಅವರಿಗೂ ಇಷ್ಟ ಇರಲಿಲ್ಲ. ನಾನು "ಆಗುತ್ತೆ ಬಿಡಿ ಸಾರ್" ಅಂತ ಬಂದೆ. ಪರೀಕ್ಷೆಯಲ್ಲಿ ಈ ಸಲ ಯೋಚನೆ ಮಾಡೋಕೇ ಹೋಗಲಿಲ್ಲ. ಕ್ಲಾಸಲ್ಲಿ ಹೇಳೋದನ್ನೇ ಹಾಕಿದೆ, ಪಾಸಾದೆ. ಉಳಿದಿದ್ದು ಸಂದರ್ಶನ.

ನನ್ನ ಸರದಿ ಬಂದಾಗ ಮಧ್ಯಾಹ್ನದ ಊಟ ಆಗಿತ್ತು. ಉದ್ದ ಮೇಜಿನ ಆ ಕಡೆ ಐದು ಜನ ಪ್ರೊಫೆಸರು. ನಡುವೆ ಅಧ್ಯಕ್ಷರು. "ನಿಮ್ಮ ವಿಷಯ ಹೇಳಿ" ಅಂದರು. ನಾನು "ಮಗ್ಗದ ಮುಂದೆ ಕೂತ ಹೆಂಗಸರು" ಅಂತ ಶುರು ಮಾಡಿದೆ, ಅಷ್ಟೇ. ಎಡಗಡೆಯವರು "ಇದು ಜಾನಪದ" ಅಂದರು. ಬಲಗಡೆಯವರು "ಜಾನಪದ ಅಲ್ಲ ಸಾರ್, ಸ್ತ್ರೀವಾದ" ಅಂದರು. ಇಬ್ಬರೂ ಶುರು ಹಚ್ಚಿಕೊಂಡರು. ಮೂರನೆಯವರು ಮೇಜಿನ ಕೆಳಗೆ ಮೊಬೈಲ್ ನೋಡ್ತಿದ್ದರು. ತುದಿಯಲ್ಲಿದ್ದ ದಪ್ಪ ಕನ್ನಡಕದವರು ಪಕ್ಕದವರ ಕಿವಿಯಲ್ಲಿ ಏನೋ ಹೇಳಿ ಕಿಸಿಕ್ಕನೆ ನಗ್ತಿದ್ದರು. ನಾನು ಮತ್ತೆ ಮತ್ತೆ ಶುರು ಮಾಡಿದೆ, ಯಾರಿಗೂ ಕೇಳಿಸಲಿಲ್ಲ.

ಆಮೇಲೆ ಏನಾಯಿತು ಅಂತ ನನಗೇ ಸರಿಯಾಗಿ ಗೊತ್ತಿಲ್ಲ. ಇಷ್ಟು ವರ್ಷ ಪಾಠ ಮಾಡಿದ ಕೈ ತಾನಾಗೇ ಎದ್ದು ಮೇಜಿನ ಮೇಲೆ ಪಟ್ ಅಂತ ಬಿತ್ತು. ಬಾಯಿ ಹೇಳಿತು: "ಸೈಲೆನ್ಸ್. ಏನಿದು, ಕ್ಲಾಸೋ ಸಂತೇನೋ? ಕೇಳೋಕೆ ಇಷ್ಟ ಇಲ್ದೋರು ಎದ್ದು ಆಚೆ ಹೋಗಿ. ಅಟೆಂಡೆನ್ಸ್ ಕೊಡ್ತೀನಿ, ಯೋಚನೆ ಮಾಡ್ಬೇಡಿ."

ಮೊಬೈಲ್ ಜೇಬಿಗೆ ಹೋಯಿತು. ಎಡ, ಬಲ ಇಬ್ಬರೂ ಬೆನ್ನು ನೆಟ್ಟಗೆ ಮಾಡಿ ಕೂತರು. ದಪ್ಪ ಕನ್ನಡಕದವರು ಮಾತ್ರ ತಲೆ ತಗ್ಗಿಸಿ ಎದ್ದು, ಫೈಲು ಎತ್ತಿಕೊಂಡು, ಸೀದಾ ಬಾಗಿಲ ತನಕ ಹೋಗಿಬಿಟ್ಟರು.

"ನೀವೆಲ್ಲಿಗೆ ಸಾರ್?" ಅಂದರು ಅಧ್ಯಕ್ಷರು.

"ಗೊತ್ತಿಲ್ಲ ಸಾರ್" ಅಂದರು ಅವರು, ಬಾಗಿಲು ಹಿಡ್ಕೊಂಡು. "ಓದೋ ಕಾಲದಲ್ಲಿ ಅಭ್ಯಾಸ ಇತ್ತು, ಕಾಲು ತಾನೇ ಬಂದ್ಬಿಡ್ತು."

ಸೀಟು ಹೋಯಿತು, ಕೆಲಸ ಹೋಯಿತು, ಹಾಡೂ ಹೋಯಿತು ಅಂದುಕೊಂಡೆ. "ತಪ್ಪಾಯ್ತು ಸಾರ್" ಅಂದೆ. ಅಧ್ಯಕ್ಷರು ಕರ್ಚೀಫಿನಲ್ಲಿ ಕಣ್ಣೊರೆಸಿಕೊಳ್ತಿದ್ದರು. ಅಳ್ತಿದ್ದಾರೆ ಅಂತ ಮೊದಲು ಹೆದರಿಕೊಂಡೆ, ನೋಡಿದರೆ ನಗ್ತಿದ್ದರು. "ಪಾಠ ನಿಲ್ಲಿಸ್ಬೇಡಿ ಮೇಡಂ. ಇವರನ್ನ ಸುಮ್ನೆ ಕೂರ್ಸೋಕೆ ನನಗೆ ಇವತ್ತಿನ ತನಕ ಆಗಿಲ್ಲ."

ಇನ್ನು ಕಳ್ಕೊಳೋದೇನಿದೆ ಅಂತ ಎದ್ದು ನಿಂತು ಕ್ಲಾಸ್ ತಗೊಂಡೆ. ಮಗ್ಗ ಹೇಗೆ ನಡೆಯುತ್ತೆ, ಲಾಳಿ ಓಡೋ ತಾಳಕ್ಕೆ ಹಾಡು ಹೇಗೆ ಕೂರುತ್ತೆ, ನೂಲು ಕಿತ್ತುಹೋದಾಗ ಹಾಡು ಎಲ್ಲಿ ನಿಲ್ಲುತ್ತೆ, ಎಲ್ಲಾ ಹೇಳಿದೆ. ನಮ್ಮತ್ತೆ ಹಾಡೋ ಹಾಡೊಂದನ್ನು ಮೇಜು ತಟ್ಟಿಕೊಂಡು ಹಾಡಿದೆ. ವಾಪಸ್ ಬಂದು ಕೂತಿದ್ದ ದಪ್ಪ ಕನ್ನಡಕದವರು ಕೈಯೆತ್ತಿ, "ಮೇಡಂ, ಒಂದು ಡೌಟು" ಅಂದರು. ಡೌಟು ಬಗೆಹರಿಸಿದೆ.

ಪಟ್ಟಿಯಲ್ಲಿ ನನ್ನ ಹೆಸರಿತ್ತು. ಭಾಯ್ ಅಂಗಡಿಯ ಕಂಪ್ಯೂಟರಿನಲ್ಲಿ ಅದನ್ನು ನೋಡಿ, ಅಂಗಡಿ ತುಂಬಾ ಜನ ಇದ್ದರೂ ಅತ್ತುಬಿಟ್ಟೆ. ಪ್ರಿನ್ಸಿಪಾಲರಿಗೆ ಫೋನ್ ಮಾಡಿದೆ. "ಹಾಗಾದ್ರೆ ಸೋಮವಾರ ಮೊದಲನೇ ಪಿರಿಯಡ್ ನಿಮ್ಮದೇ ಮೇಡಂ" ಅಂದರು. ಆ ಮಾತಿಗಾಗಿ ಮೂರು ವರ್ಷ ಓಡಾಡಿದ್ದೆ.

ಗೈಡ್ ಆಗಿ ಬಂದವರು ಯಾರು ಅಂದರೆ, ಅರ್ಜಿಗೆ ಹೂಂ ಅಂದಿದ್ದವರಲ್ಲ, ಅದೇ ದಪ್ಪ ಕನ್ನಡಕದವರು. ತಾವಾಗೇ ಕೇಳಿ ತಗೊಂಡರಂತೆ. ಮೊದಲನೇ ದಿನ ಅವರ ಕೋಣೆಗೆ ಹೋದಾಗ ಅವರಿನ್ನೂ ಬಂದಿರಲಿಲ್ಲ. ಅಟೆಂಡರ್ ಬಾಗಿಲು ತೆಗೆದು ನನ್ನನ್ನು ಕೂರಿಸಿದ. ಇವತ್ತು ಬಾಯಿ ಬಿಗಿ ಹಿಡ್ಕೋಬೇಕು, ಶಿಷ್ಯೆ ಹಾಗೆ ಇರಬೇಕು ಅಂತ ನನಗೆ ನಾನೇ ಹೇಳಿಕೊಳ್ತಾ ಕೂತಿದ್ದೆ. ಅವರು ಏದುಸಿರು ಬಿಡ್ತಾ ಬಂದರು. ಒಳಗೆ ಕೂತಿದ್ದ ನನ್ನನ್ನು ನೋಡಿದವರೇ ತಮ್ಮದೇ ಕೋಣೆಯ ಹೊಸಿಲ ಹೊರಗೆ ನಿಂತುಬಿಟ್ಟು, "ಒಳಗೆ ಬರ್ಲಾ ಮೇಡಂ?" ಅಂದರು.

"ಎಷ್ಟೊತ್ತಿಗೆ ಬರೋದು? ಹೋಗಿ, ಹಿಂದಿನ ಬೆಂಚಲ್ಲಿ ಕೂತ್ಕೊಳ್ಳಿ" ಅಂದುಬಿಟ್ಟೆ.